ನೂರಕ್ಕೆ ನಲವತ್ತರಿಂದ ಅರವತ್ತನಾಲ್ಕು

ನಮ್ಮ ಸಂಖ್ಯಾಶಾಸ್ತ್ರದ ಪುಸ್ತಕದ ಕೊನೆಯ ಅಧ್ಯಾಯ ಪರೀಕ್ಷೆಗೆ ಬರುವುದಿಲ್ಲ. ಶಾಲೆಯ ಬೇರೆ ಮೇಷ್ಟ್ರುಗಳು ಅದನ್ನು ಮುಟ್ಟುವುದೂ ಇಲ್ಲ. ನಾನು ಮಾತ್ರ ಪ್ರತಿ ವರ್ಷ ಹಟ ಹಿಡಿದು ಕಲಿಸುತ್ತೇನೆ. ಪ್ರತಿ ವರ್ಷವೂ ಯಾರಾದರೂ ಒಬ್ಬರು ಅದೇ ಪ್ರಶ್ನೆ ಕೇಳುತ್ತಾರೆ, ನಾನೂ ಅಷ್ಟೇ ನಿಷ್ಠೆಯಿಂದ ಸಿಡುಕುತ್ತೇನೆ.

"ಅಂಪಿಯಾ ಮೇಡಂ, ಇದು ಪರೀಕ್ಷೆಗೆ ಬರುತ್ತಾ?" ಈ ವರ್ಷ ಕೇಳಿದವನು ಕಾಕ್ರಾ. ಅವಳಿಗಳಲ್ಲಿ ಕಿರಿಯವನು, ಅಣ್ಣನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವವನು.

"ಬರಲ್ಲ."

"ಮತ್ಯಾಕೆ ಮೇಡಂ ನಮ್ಮ ತಲೆ ತಿಂತೀರಿ?"

"ನಿನ್ನ ತಲೇಲಿ ತಿನ್ನೋಕೆ ಏನಾದ್ರೂ ಇದ್ಯಾ ಅಂತ ನೋಡ್ತಾ ಇದೀನಿ. ಕೂತ್ಕೋ."

ಶಾಲೆ ಇರುವುದು ಗುಡ್ಡದ ಮೇಲೆ. ಕಿಟಕಿಯಿಂದ ನೋಡಿದರೆ ಕೆಳಗೆ ಬಣ್ಣ ಬಳಿದ ದೋಣಿಗಳು, ಬಲೆ ರಿಪೇರಿ ಮಾಡುತ್ತ ಕೂತ ಗಂಡಸರು. ತರಗತಿಯ ಅರ್ಧ ಮಕ್ಕಳ ಅಪ್ಪಂದಿರು ಅಲ್ಲೇ ಇರುತ್ತಾರೆ. ಅದಕ್ಕೇ ನಾನು ಪಾಠವನ್ನು ಬಲೆಯಿಂದ ಶುರುಮಾಡಿದೆ.

"ಇಡೀ ಶಾಲೇನ ಕೇಳೋಕಾಗಲ್ಲ ಅಂತ ಸ್ವಲ್ಪ ಜನರನ್ನ ಕೇಳ್ತೀವಿ. ಅಲ್ಲಿ ಬರೋ ಲೆಕ್ಕ ನಿಜವಾದ ಲೆಕ್ಕ ಅಲ್ಲ, ಅದರ ಆಸುಪಾಸಿನದು. ಎಷ್ಟು ಆಸುಪಾಸು? ಅದಕ್ಕೇ ಅದರ ಎರಡೂ ಕಡೆಗೆ ಒಂದಷ್ಟು ಜಾಗ ಬಿಟ್ಟು ಬಲೆ ಬೀಸ್ತೀವಿ. ಮೀನು ತನ್ನ ಜಾಗದಲ್ಲೇ ಇರುತ್ತೆ, ಅತ್ತಿತ್ತ ಹೋಗೋದು ನಮ್ಮ ಬಲೆ. ಹೀಗೆ ನೂರು ಸಲ ಬೀಸಿದ್ರೆ ಸುಮಾರು ತೊಂಬತ್ತೈದು ಸಲ ಮೀನು ಒಳಗಿರುತ್ತೆ. ಪುಸ್ತಕದೋರು ಇದನ್ನ ವಿಶ್ವಾಸಾಂತರ ಅಂತಾರೆ. ನೀವು ಬಲೆ ಅನ್ನಿ, ಸಾಕು."

"ಮಿಕ್ಕಿದ ಐದು ಸಲ ಮೇಡಂ?"

"ಬರಿಗೈಲಿ ಮನೆಗೆ. ಆಮೇಲೇನಾಗುತ್ತೆ ಅಂತ ನಿಮ್ಮಮ್ಮನ್ನ ಕೇಳು."

ಎಲ್ಲರೂ ನಕ್ಕರು. ಪ್ರತಿಯೊಬ್ಬರೂ ಇಪ್ಪತ್ತೈದು ಜನರನ್ನು ಏನಾದರೊಂದು ಪ್ರಶ್ನೆ ಕೇಳಿ, ಬಲೆ ಬೀಸಿ ತರಬೇಕೆಂದು ಹೇಳಿ ಕಳಿಸಿದೆ.

ಆ ವಾರ ಶಾಲೆಯ ತುಂಬ ಚುನಾವಣೆಯದೇ ಮಾತು. ಮೂರನೇ ವರ್ಷದವರು ಪರೀಕ್ಷೆ ಮುಗಿಸಿ ಮನೆಗೆ ಹೋಗಿದ್ದರಿಂದ ಎರಡನೇ ವರ್ಷದವರೇ ಈಗ ಯಜಮಾನರು, ಹಾಸ್ಟೆಲಿನ ಒಳ್ಳೆಯ ಮಂಚಗಳೆಲ್ಲ ಅವರವೇ. ಎಲ್ಲ ಹುದ್ದೆಗಳಿಗಿಂತ ಹೆಚ್ಚು ಗಲಾಟೆ ನಡೆದದ್ದು ಊಟದ ಮನೆಯ ಲೀಡರ್ ಹುದ್ದೆಗೆ. ಅದಕ್ಕೆ ನಿಂತವರಿಬ್ಬರೂ ನನ್ನ ತರಗತಿಯವರೇ, ಎಬೋ ಅಕ್ವಾ ಮತ್ತು ಆಬಾ ಎಸುವನ್.

ಎಬೋ ಡ್ರಮ್ ಬಾರಿಸುತ್ತಾನೆ, ಹಾಡುತ್ತಾನೆ, ನಡೆದರೂ ಕುಣಿದ ಹಾಗಿರುತ್ತದೆ. ಶನಿವಾರ ರಾತ್ರಿಯ ಊಟಕ್ಕೆ ಸಂಗೀತ ಹಾಕಿಸುತ್ತೇನೆ ಎಂಬುದು ಅವನ ಭರವಸೆ. ಆಬಾಳದು ಬೇರೆ ತರಹದ್ದು. ನಮ್ಮಲ್ಲಿ ಹನ್ನೆರಡು ಜನಕ್ಕೆ ಒಂದು ಉದ್ದ ಮೇಜು, ಮೇಜಿಗೊಂದು ಬೋಗುಣಿ ಸಾರು, ಸಾರಿನಲ್ಲಿ ಮೀನಿನ ತುಂಡುಗಳು. ಬೋಗುಣಿ ಹೊರಡುವುದು ಹಿರಿಯರು ಕೂತ ತುದಿಯಿಂದ. ಅವರು ಆರಿಸಿಕೊಂಡು, ಅವರ ಗೆಳೆಯರು ಆರಿಸಿಕೊಂಡು, ಕೆಳಗಿನ ತುದಿಯಲ್ಲಿ ಕೂತ ಮೊದಲ ವರ್ಷದ ಮಕ್ಕಳಿಗೆ ತಲುಪುವ ಹೊತ್ತಿಗೆ ಅದರಲ್ಲಿ ಮೀನಿನ ವಾಸನೆ ಮಾತ್ರ ಉಳಿದಿರುತ್ತದೆ. ಆಬಾ ತನ್ನ ಮೊದಲ ವರ್ಷವಿಡೀ ಕೆಂಕಿಯನ್ನು, ಅಂದರೆ ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು, ಆ ವಾಸನೆಯಲ್ಲೇ ಅದ್ದಿಕೊಂಡು ತಿಂದವಳು. ನಾನು ಲೀಡರ್ ಆದರೆ ಬೋಗುಣಿ ಕೆಳಗಿನ ತುದಿಯಿಂದ ಹೊರಡಬೇಕು ಎಂದಳು.

ಮೊದಲ ವರ್ಷದವರಿಗೆ ಇದು ಹಿಡಿಸಿತು. ಆಬಾಳ ಓರಗೆಯವರಿಗೆ ಮೈ ಉರಿಯಿತು.

"ಎರಡು ವರ್ಷ ಕಾದು ಈಗ ತಾನೇ ಮೇಲಿನ ತುದಿಗೆ ಬಂದು ಕೂತಿದೀವಿ. ಕೂತ ಮಾರನೇ ದಿನವೇ ಬೋಗುಣಿ ತಿರುಗಿಸ್ತಾಳಂತೆ! ಇವಳಿಗೇನು ತಲೆ ಕೆಟ್ಟಿದ್ಯಾ?" ಎಂದು ಕಾಕ್ರಾ ನನ್ನೆದುರೇ ಗೊಣಗಿದ.

ಎರಡು ದಿನ ಬಿಟ್ಟು ಮಕ್ಕಳು ತಂದ ಹಾಳೆಗಳನ್ನು ನೋಡುತ್ತ ಕೂತೆ. ಆಬಾ ಇಪ್ಪತ್ತೈದು ಜನರನ್ನು 'ನನಗೆ ವೋಟು ಹಾಕ್ತೀರಾ' ಎಂದು ಕೇಳಿದ್ದಳು. ಇಪ್ಪತ್ತೈದಕ್ಕೆ ಇಪ್ಪತ್ತೈದೂ ಹೌದು! ಸೂತ್ರಕ್ಕೆ ಹಾಕಿದ್ದಳು, ಇಲ್ಲ ಎಂದವರು ಸೊನ್ನೆಯಾದ್ದರಿಂದ ಗುಣಾಕಾರವೂ ಸೊನ್ನೆಗೆ ಬಂದು ಬಲೆಯ ಅಗಲ ಸೊನ್ನೆಯಾಗಿತ್ತು. ಕೆಳಗೆ ದುಂಡಗೆ ಬರೆದಿದ್ದಳು: 'ನನಗೆ ಬರುವ ವೋಟು ನೂರಕ್ಕೆ ನೂರರಿಂದ ನೂರಕ್ಕೆ ನೂರರ ಒಳಗೆ.' ಅದರ ಕೆಳಗೆ ಒಂದು ನಗುಮುಖ. ಮುಂದಿನ ಹಾಳೆ ಎಬೋನದು. ಅವನದೂ ಅದೇ ಪ್ರಶ್ನೆ, ಅವನಿಗೂ ಇಪ್ಪತ್ತೈದಕ್ಕೆ ಇಪ್ಪತ್ತೈದು, ನೂರಕ್ಕೆ ನೂರು.

ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದೆ. "ಒಂದೇ ಶಾಲೇಲಿ ಇಬ್ಬರಿಗೂ ತಲಾ ನೂರಕ್ಕೆ ನೂರು ಬಂದ್ರೆ ಒಟ್ಟು ಇನ್ನೂರಾಯ್ತು. ಉಳಿದ ನೂರು ಯಾರ ಮನೇದು? ಆಬಾ, ಯಾರನ್ನ ಕೇಳಿದೆ?"

"ದಾರೀಲಿ ಸಿಕ್ಕಿದೋರನ್ನೆಲ್ಲ ಕೇಳಿದೆ ಮೇಡಂ. ಎಬೋನನ್ನೂ ಕೇಳಿದೆ."

"ಎಬೋನನ್ನಾ! ಅವನೇನಂದ?"

"ಹೌದು, ಖಂಡಿತ ಹಾಕ್ತೀನಿ ಅಂದ."

ತರಗತಿ ಬಿದ್ದು ಬಿದ್ದು ನಕ್ಕಿತು. ಎಬೋ ಕಿವಿ ಕೆರೆದುಕೊಂಡ. "ಎದುರಿಗೆ ಬಂದು ನಿಂತು ಕೇಳಿದ್ಳು ಮೇಡಂ. ಹೆಂಗೆ ಇಲ್ಲ ಅನ್ನೋದು? ಅವಳೂ ನಂಗೆ ಹೌದು ಅಂದಿದಾಳೆ, ಕೇಳಿ ಬೇಕಾದ್ರೆ."

ಆಬಾ ನೆಲ ನೋಡಿದಳು.

ಅವರನ್ನು ಬೈಯಲು ನನಗೆ ಬಾಯಿಲ್ಲ. ನಮ್ಮ ಕಡೆ ಯಾರೂ ಎದುರಿಗೆ ನಿಂತವರಿಗೆ ಇಲ್ಲ ಎನ್ನುವುದಿಲ್ಲ, ಅದು ಕಪಾಳಕ್ಕೆ ಹೊಡೆದಷ್ಟು ಒರಟು. ತೀರಾ ಆಗದಿದ್ದರೆ 'ನೋಡೋಣ, ದೇವರು ದೊಡ್ಡವನು' ಎನ್ನುತ್ತೇವೆ, ಕೇಳಿದವರು ಅರ್ಥ ಮಾಡಿಕೊಂಡು ಹೋಗುತ್ತಾರೆ. ನಾನೇ ಕಳೆದ ತಿಂಗಳು ಒಂದೇ ಶನಿವಾರದ ಮೂರು ಮದುವೆಗೆ ಬರುತ್ತೇನೆಂದು ಮಾತು ಕೊಟ್ಟು, ಆ ದಿನ ತಲೆನೋವೆಂದು ಮಲಗಿದ್ದೆ. ಆದರೆ ಸೂತ್ರಕ್ಕೆ ನಮ್ಮ ಮರ್ಯಾದೆ ಎಲ್ಲಿ ಗೊತ್ತು? ಸುಳ್ಳು ಹೌದುಗಳನ್ನು ಕೊಟ್ಟರೆ ಅದು ಸುಳ್ಳನ್ನೇ ಲೆಕ್ಕ ಹಾಕಿ ಕೊಡುತ್ತದೆ.

"ಇಲ್ಲ ಅನ್ನೋಕೆ ಜನರಿಗೆ ಒಂದು ನೆಪ ಬೇಕು," ಎಂದೆ. "ಆ ನೆಪ ನಾವೇ ಕೊಡೋಣ."

ಪರ್ಸಿನಿಂದ ಐವತ್ತು ಪೆಸೆವಾದ ಒಂದು ನಾಣ್ಯ ತೆಗೆದು ಉಪಾಯ ಹೇಳಿಕೊಟ್ಟೆ. ಉತ್ತರ ಹೇಳುವವರು ನಮಗೆ ಬೆನ್ನು ತಿರುಗಿಸಿ ನಾಣ್ಯ ಚಿಮ್ಮಬೇಕು. ಲಾಂಛನದ ಕಡೆ ಬಿದ್ದರೆ, ಮನಸ್ಸಿನಲ್ಲಿ ಏನೇ ಇರಲಿ, 'ಇಲ್ಲ' ಎನ್ನಬೇಕು. ಅಂಕಿಯ ಕಡೆ ಬಿದ್ದರೆ ನಿಜ ಹೇಳಬೇಕು. ಪ್ರಶ್ನೆ ಒಂದೇ, ಆಬಾಗೆ ವೋಟು ಹಾಕ್ತೀರಾ? ಯಾರಾದರೂ 'ಇಲ್ಲ' ಅಂದರೆ ಅದು ಅವರ ಮಾತೋ ನಾಣ್ಯದ ಮಾತೋ ನಮಗೆ ಗೊತ್ತಾಗದು, ಯಾರಿಗೂ ಮುಖಭಂಗವಾಗದು. ಅರ್ಧ ಜನ ನಾಣ್ಯದ ಮಾತು ಕೇಳಿ ಇಲ್ಲ ಎಂದಿರುತ್ತಾರಾದ್ದರಿಂದ, ಬಂದ ಹೌದುಗಳನ್ನು ಕೊನೆಗೆ ಎರಡರಿಂದ ಗುಣಿಸಿದರಾಯಿತು.

"ಬಲೇನೂ ಎರಡರಿಂದ ಗುಣಿಸ್ಬೇಕಾ ಮೇಡಂ?" ಎಂದಳು ಆಬಾ.

"ಗುಣಿಸ್ಬೇಕು. ಮರ್ಯಾದೆ ಉಳಿಸ್ಕೊಂಡಿದ್ದಕ್ಕೆ ಅದು ದಂಡ."

ಶಾಲೆಯಲ್ಲಿ ಎಂಟುನೂರ ಐವತ್ತು ಮಕ್ಕಳು. ಹಾಜರಿ ಸಂಖ್ಯೆಗಳ ಚೀಟಿ ಎತ್ತಿ ಇನ್ನೂರು ಜನರನ್ನು ಆರಿಸಿದೆವು. ಈ ಸಲ ದಾರಿಯಲ್ಲಿ ಸಿಕ್ಕಿದವರಲ್ಲ, ಚೀಟಿಯಲ್ಲಿ ಬಂದವರು. ಆಬಾ ಮತ್ತು ಎಬೋ ಇಬ್ಬರೂ ದೂರವಿರಬೇಕೆಂದು ಹೇಳಿ ಉಳಿದವರನ್ನು ಕಳಿಸಿದೆ. ಆ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಕಂಡ ಖುಷಿಯನ್ನು ನಾನು ಯಾವ ಹಬ್ಬದಲ್ಲೂ ಕಂಡಿರಲಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದೇ ಇರದ ಮಕ್ಕಳು ನಾಣ್ಯ ಚಿಮ್ಮಿ, "ಇಲ್ಲ! ಇಲ್ಲಾ! ಇಲ್ಲವೇ ಇಲ್ಲ!" ಎಂದು ಕೂಗಿ ಕುಣಿಯುತ್ತಿದ್ದರು. ಒಬ್ಬಳು ಇನ್ನೊಂದು ಸಲ ಚಿಮ್ಮುತ್ತೇನೆಂದು ಕಾಕ್ರಾನ ಕೈಯಿಂದ ನಾಣ್ಯ ಕಿತ್ತುಕೊಳ್ಳಲು ಬಂದಳಂತೆ.

ಇನ್ನೂರರಲ್ಲಿ ಐವತ್ತೆರಡು ಹೌದು. ಬೋರ್ಡಿನ ಮೇಲೆ ಎಲ್ಲರೂ ಸೇರಿ ಲೆಕ್ಕ ಮಾಡಿದೆವು. ನೂರಕ್ಕೆ ಇಪ್ಪತ್ತಾರು, ಅದರ ಎರಡರಷ್ಟು ಐವತ್ತೆರಡು. ಬಲೆ ಎರಡೂ ಕಡೆಗೆ ಹನ್ನೆರಡು. ಆಬಾಗೆ ಬೀಳುವ ವೋಟು ನೂರಕ್ಕೆ ನಲವತ್ತರಿಂದ ಅರವತ್ತನಾಲ್ಕು. ಹಾಗಾದರೆ ಎಬೋನಿಗೆ ಮೂವತ್ತಾರರಿಂದ ಅರವತ್ತು.

ಇಡೀ ತರಗತಿ ಇಬ್ಬರ ಮುಖ ನೋಡಿತು. ಆಬಾಗೆ ಕಂಡದ್ದು ನಲವತ್ತು ಮಾತ್ರ, ಅವಳು ಬಿಳಿಚಿಕೊಂಡಳು. ಎಬೋನಿಗೆ ಕಂಡದ್ದು ಮೂವತ್ತಾರು ಮಾತ್ರ, ಅವನ ಕಾಲಿನ ತಾಳ ನಿಂತುಹೋಯಿತು. ನಿನ್ನೆಯವರೆಗೆ ನೂರಕ್ಕೆ ನೂರರಲ್ಲಿ ತೇಲುತ್ತಿದ್ದವರು ಇಬ್ಬರೂ ದಡಕ್ಕೆ ಬಂದು ಬಿದ್ದಿದ್ದರು.

ಸಂಜೆ ಮನೆಯ ಹಿತ್ತಿಲಿನಲ್ಲಿ ಮಣ್ಣಿನ ಬೋಗುಣಿಯಲ್ಲಿ ಮೆಣಸಿನಕಾಯಿ ಅರೆಯುತ್ತಿದ್ದಾಗ ಆಬಾ ಬಂದಳು. ಕಣ್ಣು ಕೆಂಪಗಿತ್ತು. ಮೆಣಸಿನ ಘಾಟಿಗೆ ಎಂದುಕೊಂಡರೆ ಅವಳಿನ್ನೂ ಗೇಟಿನ ಹತ್ತಿರವೇ ಇದ್ದಳು.

"ಎಬೋ ಬಂದಿದ್ದ ಮೇಡಂ. ಗುರುವಾರ ಭಾಷಣದ ಮುಂಚೆ ನಾನು ಹಿಂದೆ ಸರಿದ್ರೆ ನನ್ನನ್ನ ಉಪ ಲೀಡರ್ ಮಾಡ್ತಾನಂತೆ."

"ಉಪ ಲೀಡರ್ ಏನು ಮಾಡ್ತಾನೆ?"

"ಗಂಟೆ ಹೊಡೀತಾನೆ."

"ಬೋಗುಣಿ?"

"ಅದರ ಮಾತೇ ಎತ್ತಲಿಲ್ಲ." ಅವಳು ಮೆಟ್ಟಿಲ ಮೇಲೆ ಕೂತಳು. "ಮೇಡಂ, ಒಂದು ಹೇಳಿ. ಅದು ನಲವತ್ತಾ, ಅರವತ್ತನಾಲ್ಕಾ?"

"ಮಧ್ಯೆ ಎಲ್ಲೋ."

"ಮಧ್ಯೆ ಎಲ್ಲಿ?"

"ಅದು ಗೊತ್ತಿದ್ದಿದ್ರೆ ನಾನು ಲಾಟರಿ ಅಂಗಡಿ ಇಟ್ಕೊಂಡು ಕೂತಿರ್ತಿದ್ದೆ ಕಣೇ. ನಿಮ್ಮ ಜೊತೆ ಯಾಕೆ ಸಾಯ್ತಿದ್ದೆ?"

ಅವಳು ನಗಲಿಲ್ಲ. "ಇನ್ನೂ ಜಾಸ್ತಿ ಜನರನ್ನ ಕೇಳಿದ್ರೆ ಬಲೆ ಸಣ್ಣದಾಗುತ್ತಲ್ವಾ?"

"ಆಗುತ್ತೆ. ಅರ್ಧಕ್ಕೆ ಇಳಿಸೋಕೆ ನಾಲ್ಕರಷ್ಟು ಜನ ಬೇಕು. ಅಂದ್ರೆ ಎಂಟುನೂರು. ಅಷ್ಟು ಜನರನ್ನ ಕೇಳೋದಕ್ಕೆ ಚುನಾವಣೆ ಅಂತ ಬೇರೆ ಹೆಸರಿದೆ, ಅದು ಶುಕ್ರವಾರ ಇದ್ದೇ ಇದೆ."

ಈಗ ನಕ್ಕಳು, ಸ್ವಲ್ಪ. ಸೋತರೆ ಬೋಗುಣಿಯ ಮಾತು ಇನ್ನು ಯಾರೂ ಎತ್ತುವುದಿಲ್ಲ, ಗಂಟೆ ಹೊಡೆಯಲು ಒಪ್ಪಿಕೊಂಡರೂ ಅಷ್ಟೇ ಎಂದಳು. ಬಲೆ ಎಷ್ಟು ಅಗಲ ಎಂದು ಹೇಳಲು ನನಗೆ ಬರುತ್ತದೆ, ಏನು ಮಾಡಬೇಕೆಂದು ಹೇಳಲು ಯಾವ ಅಧ್ಯಾಯದಲ್ಲೂ ಬರೆದಿಲ್ಲ.

"ಎಬೋಗೆ ಏನಂತ ಹೇಳಿದೆ?"

"ಎದುರಿಗೇ ನಿಂತಿದ್ದ ಮೇಡಂ. ನೋಡೋಣ ಅಂದೆ."

ಎಬೋ ನಮ್ಮೂರಿನವನೇ. 'ನೋಡೋಣ' ಎಂದರೆ ಏನೆಂದು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು.

ಗುರುವಾರ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ಟರ್ ಕ್ವೈಸನ್ ಕೈಕಟ್ಟಿ ಕೂತು, ಎಂದಿನಂತೆ ಎರಡನೇ ಭಾಷಣಕ್ಕೇ ತೂಕಡಿಸುತ್ತಿದ್ದರು. ಎಬೋ ಯಾರದೋ ಕೋಟು ಹಾಕಿಕೊಂಡು, ಹಿಂದೆ ಡ್ರಮ್ ಬಾರಿಸುವ ಇಬ್ಬರನ್ನು ಕಟ್ಟಿಕೊಂಡು ಕುಣಿಯುತ್ತ ವೇದಿಕೆ ಹತ್ತಿದ. ಶನಿವಾರದ ಸಂಗೀತದ ಮಾತು ಆಡಿದ. ಚಪ್ಪಾಳೆ ನಿಲ್ಲಲು ಬಿಟ್ಟು, ಎದೆಯ ಮೇಲೆ ಕೈಯಿಟ್ಟು ಹೇಳಿದ:

"ಇನ್ನೊಂದು ಮಾತು! ನಮ್ಮ ಪುಟ್ಟ ತಮ್ಮ ತಂಗೀರು ಬರೀ ಸಾರು ಕುಡಿಯೋದು ನೋಡಿ ನನ್ನ ಕರುಳು ಚುರುಕ್ ಅನ್ನುತ್ತೆ. ನಾನು ಗೆದ್ರೆ ಬೋಗುಣಿ ಕೆಳಗಿನ ತುದಿಯಿಂದ ಹೊರಡುತ್ತೆ!"

ಮೊದಲ ವರ್ಷದವರು ಬೆಂಚು ಹತ್ತಿ ಕೂಗಿದರು. ಎಬೋ ತನ್ನ ಓರಗೆಯವರ ಕಡೆ ತಿರುಗಿ ಕಣ್ಣು ಹೊಡೆದ. ಚಿಂತೆ ಬೇಡ, ಇದೆಲ್ಲ ವೋಟಿನ ಮಾತು ಎಂದು. ಅವರೂ ನಕ್ಕರು. ನನಗೆ ಬಂದ ಸಿಟ್ಟಿಗೆ ಚಪ್ಪಲಿ ಎಸೆಯುತ್ತಿದ್ದೆ, ಆದರೆ ಹೊಸ ಚಪ್ಪಲಿ.

ಆಬಾಳ ಸರದಿ ಬಂತು. ಡ್ರಮ್ ಇಲ್ಲ, ಕೋಟು ಇಲ್ಲ. ಬರೆದು ತಂದಿದ್ದ ಭಾಷಣವನ್ನು ಒಂದು ಕ್ಷಣ ನೋಡಿ ಮಡಿಚಿ ಜೇಬಿಗಿಟ್ಟಳು.

"ನನ್ನ ಭಾಷಣ ಎಬೋ ಮಾಡ್ಬಿಟ್ಟ," ಎಂದಳು. "ಚೆನ್ನಾಗೇ ಮಾಡಿದ. ನಂಗೆ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ."

ನಗು ಎದ್ದಿತು. ಅವಳು ಕಾದಳು.

"ಎಬೋ, ಒಂದ್ನಿಮಿಷ ಎದ್ದು ನಿಲ್ತೀಯಾ? ಎಲ್ಲರ ಎದುರಿಗೆ ಕೇಳ್ತಾ ಇದೀನಿ. ನೀನು ಗೆದ್ರೆ ಸೋಮವಾರ ರಾತ್ರಿಯಿಂದಲೇ ಬೋಗುಣಿ ಕೆಳಗಿನ ತುದಿಯಿಂದ ಹೊರಡುತ್ತಾ?"

ಎಬೋ ಈಗಷ್ಟೇ ಕಣ್ಣು ಹೊಡೆದ ಗೆಳೆಯರನ್ನು ನೋಡಿದ, ಬೆಂಚಿನ ಮೇಲೆ ನಿಂತ ಚಿಕ್ಕ ಮಕ್ಕಳನ್ನು ನೋಡಿದ. ಎದುರಿಗೆ ನಿಂತು ಕೇಳಿದ ಮೇಲೆ ಇಲ್ಲ ಎನ್ನಲು ಅವನ ಕೈಯಲ್ಲಿ ನಾಣ್ಯವೂ ಇರಲಿಲ್ಲ.

"ಹೊರಡುತ್ತೆ," ಎಂದ, ಕೋಟಿನ ಗುಂಡಿಗೆ.

"ನಾನು ಗೆದ್ರೂ ಹಂಗೇ. ಹೆಡ್‌ಮಾಸ್ಟರ್ ಸರ್, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?"

ಪಕ್ಕದವರು ತಿವಿದಾಗ ಕ್ವೈಸನ್ ಸಾಹೇಬರು ಕಣ್ಣು ಬಿಟ್ಟರು. ಇಡೀ ಶಾಲೆ ಅವರನ್ನೇ ನೋಡುತ್ತಿತ್ತು. "ಇದೆ, ಇದೆ," ಎಂದರು, "ಧಾರಾಳವಾಗಿ." ಯಾವುದಕ್ಕೆ ಎಂದು ಅವರಿಗೆ ಗೊತ್ತಾದದ್ದು ಮಾರನೆಯ ದಿನ.

"ಹಂಗಾದ್ರೆ ನಾಳೆ ಯಾರೂ ಮೀನಿಗೋಸ್ಕರ ವೋಟು ಹಾಕೋದು ಬೇಡ," ಎಂದಳು ಆಬಾ. "ಯಾರು ಇಷ್ಟವೋ ಅವರಿಗೆ ಹಾಕಿ." ಇಳಿದು ತನ್ನ ಜಾಗಕ್ಕೆ ಹೋಗಿ ಕೂತಳು.

ಸಭೆ ಮುಗಿದ ಮೇಲೆ ಬಾಗಿಲಲ್ಲಿ ಅವಳನ್ನು ಹಿಡಿದುಕೊಂಡೆ. "ಹುಚ್ಚಿ! ಇದ್ದಿದ್ದು ಅದೊಂದೇ ಮಾತು ನಿನ್ನ ಹತ್ರ. ಅದನ್ನೂ ಅವನ ಕೈಗೆ ಕೊಟ್ಟೆಯಲ್ಲೇ! ಇನ್ನು ನಿನಗ್ಯಾಕೆ ಹಾಕ್ತಾರೆ? ಎಲ್ಲ ಡ್ರಮ್ ಹಿಂದೆ ಹೋಗ್ತಾರೆ."

"ಗೊತ್ತು ಮೇಡಂ. ಆದ್ರೆ ಬಲೇಲಿ ನಲವತ್ತೂ ಇತ್ತಲ್ಲ. ಐವತ್ತರ ಕೆಳಗೆ ಎಷ್ಟೊಂದು ಜಾಗ ಇತ್ತು. ನಾನು ಸೋತ್ರೆ ಆ ಮಕ್ಕಳೂ ಸೋಲ್ತಿದ್ರು. ಈಗ ಸೋತ್ರೆ ನಾನೊಬ್ಳೇ ಸೋಲ್ತೀನಿ."

ಹದಿನೈದು ವರ್ಷದಿಂದ ಆ ಅಧ್ಯಾಯ ಕಲಿಸುತ್ತಿದ್ದೇನೆ, ಅದು ಇದಕ್ಕೂ ಉಪಯೋಗಕ್ಕೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅವಳನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಬದಲಿಗೆ, ಹೋಗಿ ಮಲಗು, ನಾಳೆ ಬೇಗ ಏಳಬೇಕು ಎಂದು ಗದರಿದೆ.

ಶುಕ್ರವಾರ ಮಧ್ಯಾಹ್ನ ಎಣಿಕೆಯಾಯಿತು. ಎಬೋನಿಗೆ ನಾನೂರ ಇಪ್ಪತ್ತಾರು, ಆಬಾಗೆ ನಾನೂರ ಹದಿನೇಳು. ಎಬೋನನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೊರಟಿತು. ನನ್ನ ತರಗತಿಯವರು ಮಾತ್ರ ಬೋರ್ಡಿನ ಕೆಳಗೆ ಗುಂಪುಕಟ್ಟಿ ಭಾಗಾಕಾರ ಮಾಡುತ್ತಿದ್ದರು.

"ನೂರಕ್ಕೆ ನಲವತ್ತೊಂಬತ್ತೂವರೆ!" ಕಾಕ್ರಾ ಕೂಗಿದ. "ಒಳಗೇ ಇದೆ! ಮೇಡಂ, ಮೀನು ಬಲೆಯೊಳಗೇ ಇದೆ!"

ಎಲ್ಲರೂ ಹೋ ಎಂದು ಕುಣಿದರು. ಕುಣಿಯುತ್ತಿದ್ದಂತೆ ಯಾರಿಗೋ ಹಿಂದೆ ನಿಂತಿದ್ದ ಆಬಾ ಕಂಡಳು, ಒಬ್ಬೊಬ್ಬರೇ ಕೈ ಇಳಿಸಿದರು. ಕಾಕ್ರಾನ ಮುಖ ನೋಡುವ ಹಾಗಿರಲಿಲ್ಲ.

ಆಬಾ ಕಣ್ಣೊರೆಸಿಕೊಂಡು ಮುಂದೆ ಬಂದಳು. ಕಾಕ್ರಾನ ಕೈಯಿಂದ ಹಾಳೆ ಇಸಕೊಂಡು ಭಾಗಾಕಾರವನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದಳು. "ಸರಿಯಾಗೇ ಮಾಡಿದೀಯಾ," ಎಂದಳು. "ವೋಟೂ ನಂಗೇ ಹಾಕಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಕತ್ತೆ." ಕಾಕ್ರಾ ಅವಳ ಕಾಲಿಗೇ ಬೀಳುವವನ ಹಾಗೆ ಬಗ್ಗಿದ. ಎಲ್ಲರೂ ಮತ್ತೆ ನಕ್ಕರು, ಆಬಾ ಕೂಡ.

ಸೋಮವಾರ ರಾತ್ರಿಯ ಊಟಕ್ಕೆ ನನ್ನದೇ ಮೇಲ್ವಿಚಾರಣೆ. ಕೆಂಕಿ, ತಾಳೆಹಣ್ಣಿನ ಕೆಂಪು ಸಾರು, ಹೊಗೆ ಹಾಕಿದ ಮೀನು. ಹೊಸ ಲೀಡರ್ ಎಬೋ ಗಂಟಲು ಸರಿಮಾಡಿಕೊಂಡು, ತನ್ನ ಗೆಳೆಯರ ಕಡೆ ನೋಡದೆ, ಬೋಗುಣಿಗಳನ್ನೆಲ್ಲ ಕೆಳಗಿನ ತುದಿಗೆ ಇಡಿಸಿದ. ಮೊದಲ ವರ್ಷದ ಮಕ್ಕಳು ಸೌಟು ಹಿಡಿದು ಒಂದು ಗಳಿಗೆ ನಂಬಲಾರದೆ ಕೂತರು. ಆಮೇಲೆ ಮುಳುಗಿಸಿದರು ನೋಡಿ! ತಲೆಗೆ ಒಂದು ತುಂಡು ಬರುವಂತೆ ಅಡುಗೆಯವರು ಎಣಿಸಿ ಹಾಕಿದ್ದ ಮೀನನ್ನು ಒಬ್ಬೊಬ್ಬರೂ ಎರಡೆರಡು ಬಾಚಿಕೊಂಡರು. ವರ್ಷವಿಡೀ ಹಿರಿಯರನ್ನು ನೋಡಿ ಕಲಿತದ್ದು ಅದನ್ನೇ ತಾನೇ.

ಬೋಗುಣಿ ಮೇಜಿನುದ್ದಕ್ಕೂ ಕೈಯಿಂದ ಕೈಗೆ ದಾಟಿ ಮೇಲಿನ ತುದಿಯಲ್ಲಿದ್ದ ಆಬಾಳನ್ನು ತಲುಪಿತು. ಅವಳು ಸೌಟು ಆಡಿಸಿದಳು. ತಳ ಕೆರೆದಳು. ಬೋಗುಣಿಯನ್ನು ವಾಲಿಸಿ ದೀಪದ ಬೆಳಕಿಗೆ ಹಿಡಿದು ನೋಡಿದಳು. ಸಾರು, ಬರೀ ಸಾರು.

"ಎಬೋ!" ಎಂದು ಕೂಗಿದಳು. "ತಲೆಗೆ ಒಂದೇ ತುಂಡು ಅಂತ ಹೇಳೋ ಅವರಿಗೆ!"

ಎಬೋ ತನ್ನ ಮೇಜಿನ ಮೇಲಿನ ತುದಿಯಿಂದಲೇ ಎರಡೂ ಕೈ ಅಗಲಿಸಿದ. ಅವನ ತಟ್ಟೆಯಲ್ಲೂ ಬರೀ ಸಾರೇ ಇತ್ತು. "ಅದು ನಿನ್ನ ಭಾಷಣದಲ್ಲಿ ಇರ್ಲಿಲ್ವಲ್ಲಮ್ಮಾ! ಇದ್ದಿದ್ರೆ ಅದನ್ನೂ ಕದೀತಿದ್ದೆ!"

ಊಟದ ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಕೆಳಗಿನ ತುದಿಯಲ್ಲಿ ಒಬ್ಬಳು ಪುಟ್ಟ ಹುಡುಗಿ ಬಾಯಿ ತುಂಬ ಮೀನು ಇಟ್ಟುಕೊಂಡು, ಎರಡನೆಯ ತುಂಡನ್ನು ಕೆಂಕಿಯ ಅಡಿಯಲ್ಲಿ ಬಚ್ಚಿಡುತ್ತಿದ್ದಳು. ಆಬಾ ಅವಳನ್ನು ನೋಡಿದಳು. ನಗು ತಡೆಯಲಾರದೆ ಮೇಜಿಗೆ ಹಣೆ ಒತ್ತಿಕೊಂಡಳು. ಆಮೇಲೆ ಕೆಂಕಿಯನ್ನು ಮುರಿದು, ಸಾರಿನಲ್ಲಿ ಅದ್ದಿ, ಹಸಿದವರ ಹಾಗೆ ತಿನ್ನತೊಡಗಿದಳು.